ಬೆನ್ನು ತೋರಿಸಿದರೆ ನಮ್ಮ ದೇವೀರಿ

ನಮ್ಮೂರಿನ ಟಾಕೀಸಿನಲ್ಲಿ ತೆರೆಯ ಮೇಲೆ ಬಿದ್ದ ಏಟು ನಿಜವಾದದ್ದಾಗಿದ್ದರೆ ಅದು ನೋಡುವವರಿಗೂ ಬೀಳುತ್ತದೆ. ಅಷ್ಟೇ ಜೋರಾಗಿ ಅಲ್ಲ, ಸುಮಾರು ಅರ್ಧ ಜೋರಿನಲ್ಲಿ. ಆದರೆ ಅದೇ ಜಾಗಕ್ಕೆ. ಸುಳ್ಳೇಟು ಯಾರಿಗೂ ತಾಗುವುದಿಲ್ಲ. ಇದನ್ನು ಕೇಳಿದ ಪರಊರಿನವರು, ಹಾಗಾದರೆ ಸಿನಿಮಾಕ್ಕೆ ಹೋಗಲು ನಿಮಗೆ ಹೆದರಿಕೆಯಾಗುವುದಿಲ್ಲವೇ ಎಂದು ಬಾಯಿ ಬಿಟ್ಟುಕೊಂಡು ಕೇಳುತ್ತಾರೆ. ಹೆದರುವುದೇನು ಬಂತು? ಫೈಟಿಂಗ್ ಸಿನಿಮಾದಷ್ಟು ನೆಮ್ಮದಿಯ ಸಿನಿಮಾ ನಮಗೆ ಇನ್ನೊಂದಿಲ್ಲ. ಹೀರೋ ಒಬ್ಬನೇ ನಲವತ್ತು ಜನರ ಮೂಳೆ ಮುರಿಯುತ್ತಿರುವಾಗ ನಮ್ಮೂರಿನ ಮುದುಕರು ಕಾಲು ಚಾಚಿ ಗೊರಕೆ ಹೊಡೆಯುತ್ತಾರೆ, ಬಾಣಂತಿಯರು ಕೂಸಿಗೆ ಹಾಲು ಕುಡಿಸುತ್ತಾರೆ.

ನಾವು ಹೆದರುವುದು ಸಂಸಾರದ ಸಿನಿಮಾಗಳಿಗೆ. ಒಂದರಲ್ಲಿ ಅತ್ತೆಯ ಪಾತ್ರದವಳು ಸೊಸೆಯ ಪಾತ್ರದವಳ ಕೆನ್ನೆಗೆ ಬಾರಿಸಿದಳು. ಅವರಿಬ್ಬರಿಗೂ ಹೊರಗೆ ಏನೋ ಮನಸ್ತಾಪ ಇದ್ದಿರಬೇಕು, ನಮ್ಮೂರಿಗೆ ಊರೇ ಒಂದು ಕೆನ್ನೆ ಊದಿಸಿಕೊಂಡು ಓಡಾಡಿತು. ಇನ್ನೊಂದರಲ್ಲಿ ತೊಟ್ಟಿಲ ಕೂಸು ಅಳಬೇಕಿತ್ತು. ಅದನ್ನು ಅಳಿಸುವುದಕ್ಕೆ ಯಾರೋ ಪುಣ್ಯಾತ್ಮರು ಮರೆಯಲ್ಲಿ ಚಿವುಟಿದ್ದರು. ಕತ್ತಲಲ್ಲಿ ಎಲ್ಲರ ತೊಡೆಗೂ ಒಂದೊಂದು ಚಿವುಟು ಬಿದ್ದು, ಎಲ್ಲರೂ ಪಕ್ಕದವರನ್ನು ದುರುಗುಟ್ಟಿ ನೋಡಿ, ಗಂಡಸರ ಕಡೆ ಹೊಡೆದಾಟವೇ ಆಗುವುದರಲ್ಲಿತ್ತು. ಇಂಟರ್‌ವಲ್ಲಿನಲ್ಲಿ ಕಡಲೆಕಾಯಿ, ಸೋಡಾದ ಜೊತೆ ಅರಿಶಿನದ ಪಟ್ಟನ್ನೂ ಮಾರುವ ಟಾಕೀಸು ನಮ್ಮದೊಂದೇ ಇರಬೇಕು.

ನಾನು ಆ ಟಾಕೀಸಿನ ಹೆಂಗಸರ ಗೇಟಿನಲ್ಲಿ ಟಿಕೆಟ್ ಹರಿಯುವವಳು. ಊರಿಗೆಲ್ಲ ಗೇಟಕ್ಕ. ಸಿನಿಮಾ ಶುರುವಾದ ಮೇಲೆ ಬಾಗಿಲು ಹಾಕಿ ಮುಂದಿನ ಬೆಂಚಿನ ತುದಿಯಲ್ಲಿ ಕೂರುತ್ತೇನೆ. ಆ ಬೆಂಚಿನಲ್ಲಿ ನನ್ನ ಪಕ್ಕದ ಜಾಗ ಪುಟ್ಟತಾಯಿಯದು. ಪುಟ್ಟತಾಯಿ ಹಾಸಿಗೆ ಹೊಲಿಯುವವಳು. ನಮ್ಮೂರಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ಹಾಸಿಗೆ ಅವಳದೇ. ಬೂರುಗದ ಅರಳೆಯನ್ನು ಬಿಸಿಲಿಗೆ ಹಾಕಿ, ಹಿಂಜಿ, ಬೀಜ ಒಂದೂ ಉಳಿಯದ ಹಾಗೆ ಆರಿಸಿ ತುಂಬುತ್ತಾಳೆ. ಅಂಗೈಯಿಂದ ಒತ್ತಿ ನೋಡಿ ಯಾವ ಮೂಲೆಯಲ್ಲಿ ಅರಳೆ ಕಡಿಮೆಯಾಗಿದೆ ಎಂದು ಹೇಳುತ್ತಾಳೆ. ಗಂಡ ಇಲ್ಲ. ಒಬ್ಬಳೇ ಮಗಳು, ದೇವೀರಿ.

ದೇವೀರಿ ಹುಟ್ಟಿದ್ದೇ ಹಾರುವುದಕ್ಕೆ. ಅವ್ವ ಹೊಲಿದಿಟ್ಟ ಹಾಸಿಗೆಗಳನ್ನು ಅಂಗಳದಲ್ಲಿ ಒಂದರ ಮೇಲೊಂದು ಹೇರಿ ಮನೆಯ ಸೂರಿನಿಂದ ಅದರ ಮೇಲೆ ಧುಮುಕುತ್ತಿದ್ದಳು. ಮದುವೆಗೆ ಮುಂಚೆಯೇ ಹಾಸಿಗೆ ಕುಗ್ಗಿದೆಯಲ್ಲ ಎಂದು ಬೀಗರು ಕೇಳಿದ್ದೂ ಉಂಟು. ಒಮ್ಮೆ ಊರಾಚೆಯ ಗುಡ್ಡದಲ್ಲಿ ಶೂಟಿಂಗ್ ನಡೆಯುತ್ತಿದ್ದಾಗ ಹೀರೋಯಿನ್ ಬಂಡೆಯಿಂದ ಹಾರಲು ಒಪ್ಪಲಿಲ್ಲ. ನೋಡಲು ಹೋಗಿದ್ದ ಇವಳು, ನಾನು ಹಾರಲಾ ಎಂದು ಕೇಳಿದಳು. ಹಾರಿದವಳು ಹಾಗೇ ಪಟ್ಟಣ ಸೇರಿ ಫೈಟ್ ಮಾಸ್ಟರ ಕೈಕೆಳಗೆ ಡ್ಯೂಪ್ ಆದಳು. ಹೀರೋಯಿನ್‌ಗಳು ಹೊಡೆದಾಡುವ ಸಿನಿಮಾಗಳ ಕಾಲ ಅದು, ಕೈತುಂಬ ಕೆಲಸ. ತೆರೆಯ ಮೇಲೆ ಮುಖ ಕಂಡರೆ ಹೀರೋಯಿನ್, ಬೆನ್ನು ತೋರಿಸಿದರೆ ನಮ್ಮ ದೇವೀರಿ. ಹಾಗಾಗಿ ನಮ್ಮೂರಿನವರು ಶಿಳ್ಳೆ ಹಾಕುವುದು ಬೆನ್ನು ಕಂಡಾಗ. ಹೊಸಬರಿಗೆ ಇದು ತುಂಬ ವಿಚಿತ್ರವಾಗಿ ಕಾಣುತ್ತದೆ.

ಮಗಳ ಸಿನಿಮಾ ಬಂದಾಗಲೆಲ್ಲ ಪುಟ್ಟತಾಯಿ ಮೊದಲ ದಿನವೇ ಬಂದು ಕೂರುತ್ತಿದ್ದಳು. ಫೈಟು ಶುರುವಾದ ಕೂಡಲೇ ಸೆರಗು ಬಿಗಿದು, ಹಲ್ಲು ಕಚ್ಚಿ, ಮೈಯೆಲ್ಲ ಕಿವಿ ಮಾಡಿಕೊಳ್ಳುತ್ತಿದ್ದಳು. ತೆರೆಯ ಮೇಲೆ ಗುದ್ದು, ಒದೆ, ಢಂ ಢಂ. ಬೆಂಚಿನಲ್ಲಿ ಕೂತವರಿಗೆ ಒಂದು ಗಾಳಿಯೂ ಇಲ್ಲ. ಫೈಟು ಮುಗಿದ ಮೇಲೆ ಅವಳು ಉಸಿರು ಬಿಟ್ಟು ನನ್ನ ಕೈ ಹಿಡಿಯುತ್ತಿದ್ದಳು.

"ಏನೂ ತಾಗ್ಲಿಲ್ಲ ಕಣಕ್ಕ. ನಿಂಗೆ?"

"ನಂಗೂ ಏನಿಲ್ಲ. ಎಲ್ಲಾ ಸುಳ್ಳು."

"ನಮ್ಮಪ್ಪ ಮಾದೇವ, ಸುಳ್ಳೇ ಇರ್ಲಿ!"

ಆದರೆ ಹೊರಗೆ ಬಂದರೆ ಸೋಡಾ ಅಂಗಡಿಯ ಮುಂದೆ ಚಿಕ್ಕಬೋರಣ್ಣ ನಿಂತಿರುತ್ತಿದ್ದ. ಚಿಕ್ಕಬೋರಣ್ಣ ನಮ್ಮೂರ ಗರಡಿಯ ಪೈಲ್ವಾನ. ಅವನು ಕೂತರೆ ಹಿಂದಿನ ಕುರ್ಚಿಯವನು ಸಿನಿಮಾವನ್ನು ಅಂದಾಜಿನಲ್ಲಿ ನೋಡಬೇಕು. ಕುಸ್ತಿ ಬಿಟ್ಟು ಎಷ್ಟೋ ಕಾಲವಾಗಿತ್ತು, ಕುಸ್ತಿಯ ಮಾತು ಬಿಟ್ಟಿರಲಿಲ್ಲ. ಹೆಂಗಸರ ಫೈಟು ಎಂದರೆ ಸಾಕು, ಅವನಿಗೆ ಹಬ್ಬ.

"ಅಲ್ಲ, ಎತ್ತರದ ಹಿಮ್ಮಡಿ ಚಪ್ಪಲಿ ಹಾಕ್ಕೊಂಡು ನಮ್ಮನೆಯೋಳು ಛತ್ರದ ಮೆಟ್ಲು ಹತ್ತಕ್ಕಾಗ್ದೆ ನನ್ನ ತೋಳು ಹಿಡ್ಕೊಂಡ್ಲು. ಇವ್ಳು ಅದೇ ಚಪ್ಪಲೀಲಿ ಹಾರಿ ಒದೀತಾಳಂತೆ! ಕೂದ್ಲು ಬೇರೆ ಬಿಟ್ಕೊಂಡು ಬಂದವ್ಳೆ. ಹೊಡೆದಾಡಕ್ಕೆ ಬಂದೋನು ಮೊದ್ಲು ಹಿಡಿಯೋದೇ ಅದನ್ನಲ್ವಾ? ಎಂಟು ಜನ ದಾಂಡಿಗರು ರೇಷನ್ ಅಂಗಡೀಲಿ ನಿಂತಂಗೆ ಸಾಲಾಗಿ ನಿಂತು ಒಬ್ಬೊಬ್ರಾಗಿ ಬಂದು ಏಟು ತಿನ್ತಾರೆ. ಅಷ್ಟಾದ್ರೂ ಅವ್ಳ ಒಂದು ಬಳೆ ಒಡೀಲಿಲ್ಲ, ಹಣೆ ಬೊಟ್ಟು ಜರುಗ್ಲಿಲ್ಲ."

ಅವನು ಹೇಳುವುದರಲ್ಲಿ ಸುಳ್ಳೇನೂ ಇರಲಿಲ್ಲ, ಅದೇ ನನಗೆ ಉರಿಯುತ್ತಿದ್ದುದು. "ಮೊನ್ನೆ ಹೀರೋ ತೋಳು ಮಡಿಸಿದ್ದಕ್ಕೆ ಮೂರು ಜೀಪು ಮಗುಚಿ ಬಿದ್ವಲ್ಲ ಬೋರಣ್ಣ, ಆಗ ಶಿಳ್ಳೆ ಹಾಕ್ದೋರು ಯಾರು?" ಎಂದು ಒಮ್ಮೆ ಕೇಳಿದೆ.

"ಅದು ಬೇರೆ ಕಣಕ್ಕ."

"ಏನು ಬೇರೆ?"

"ಅವ್ನು ಹೀರೋ."

ಪ್ರತಿ ಸಲವೂ ಅವನು ಪುಟ್ಟತಾಯಿಯ ಕಡೆ ತಿರುಗಿ, ಮನಸ್ಸಿನಲ್ಲಿ ಕೆಟ್ಟದ್ದೇನೂ ಇಟ್ಟುಕೊಳ್ಳದೆ, "ಬೇಜಾರು ಮಾಡ್ಕೋಬೇಡ ಪುಟ್ಟತಾಯಮ್ಮ. ನಿನ್ನ ಮಗ್ಳ ಏಟು ಸೊಳ್ಳೆ ಕೂತಂಗೂ ಇಲ್ಲ. ಹೆಣ್ಣುಮಗ್ಳು ಅಂದ್ಮೇಲೆ ಅಷ್ಟೇ ಆಗೋದು" ಎನ್ನುತ್ತಿದ್ದ. ಸುತ್ತ ನಿಂತವರು ನಗುತ್ತಿದ್ದರು. ಪುಟ್ಟತಾಯಿಯೂ ನಗುತ್ತಿದ್ದಳು. ಅವಳ ಸಂಕಟ ನನಗೆ ಗೊತ್ತಿತ್ತು. ಏಟು ತಾಗದಿದ್ದರೆ ಮಗಳು ಊರಿನ ಬಾಯಲ್ಲಿ ನಗೆಪಾಟಲು. ತಾಗಿದರೆ ಮಗಳ ಮೈ ಹಣ್ಣಾಗಿದೆ ಎಂದು ಅರ್ಥ. ಮಗಳು ಗಟ್ಟಿಗಿತ್ತಿಯೆಂದು ಊರು ಒಪ್ಪಬೇಕು, ಆದರೆ ಮಗಳಿಗೆ ಒಂದು ತರಚು ಗಾಯವೂ ಆಗಬಾರದು. ಯಾವ ದೇವರಿಗೆ ಹರಕೆ ಹೊತ್ತರೆ ಇವೆರಡೂ ಒಟ್ಟಿಗೆ ಸಿಗುತ್ತವೆ?

ದೇವೀರಿ ಯಾವಾಗಲಾದರೂ ಬಂದಾಗ ಅವಳು ಕೇಳುತ್ತಿದ್ದುದು ಒಂದೇ. "ನೀನು ಬೀಳೋ ಕಡೆ ಹಾಸಿಗೆ ಹಾಕಿರ್ತಾರಾ?"

"ಹಾಕಿರ್ತಾರೆ ಅವ್ವ."

"ಎಂಥಾ ಹಾಸಿಗೆ? ಬೂರುಗದ್ದಾ, ಗಿಡದ ಹತ್ತೀದಾ?"

"ಅದೆಲ್ಲಾ ನಂಗೇನು ಗೊತ್ತು? ಮೆತ್ತಗಿರ್ತದೆ" ಎಂದು ದೇವೀರಿ ಮಾತು ಹಾರಿಸುತ್ತಿದ್ದಳು.

ಹೀಗಿರುವಾಗ ಮದುವೆ ಮಂಟಪದ ಫೈಟು ಇರುವ ಆ ಸಿನಿಮಾ ಬಂತು. ಮಧ್ಯಾಹ್ನದ ಆಟಕ್ಕೇ ಟಾಕೀಸು ಕಿಕ್ಕಿರಿದಿತ್ತು. ಹೀರೋಯಿನ್ ಧಾರೆ ಸೀರೆಯಲ್ಲಿ, ಮೈತುಂಬ ಒಡವೆ ಹೇರಿಕೊಂಡು, ತಾಳಿ ಕಟ್ಟಲು ಬಂದ ಖಳನಾಯಕನ ಕಡೆಯವರನ್ನೆಲ್ಲ ಬಾಳೆಕಂದಿನಿಂದ ಹೊಡೆದಳು. ಜರಿಯ ಸೀರೆಯ ನೆರಿಗೆ ಒಂದೂ ಬಿಚ್ಚಲಿಲ್ಲ. ಗಂಡಸರ ಕಡೆಯನ್ನು ಬೇರ್ಪಡಿಸುವ ಗಿಡ್ಡ ನಡುಗೋಡೆಯ ಆಚೆಯಿಂದ ಚಿಕ್ಕಬೋರಣ್ಣನ ದನಿ ಕೇಳಿತು. "ಪಿನ್ನು ಎಷ್ಟು ಚುಚ್ಚವ್ರೋ!" ಗಂಡಸರ ಕಡೆ ನಗು. ನಮ್ಮ ಕಡೆಯವರೂ ನಕ್ಕರು, ಏಕೆಂದರೆ ನೆರಿಗೆಯ ವಿಷಯ ಅವನಿಗಿಂತ ನಮಗೆ ಚೆನ್ನಾಗಿ ಗೊತ್ತಿತ್ತು. ಪುಟ್ಟತಾಯಿ ಬಿಗಿದ ಸೆರಗನ್ನು ಸಡಿಲಿಸಿದಳು.

ಆಗ ಹೀರೋಯಿನ್ ಮೆಟ್ಟಿಲ ತುದಿಯಲ್ಲಿ ಬೆನ್ನು ತೋರಿಸಿ ನಿಂತಳು. ಶಿಳ್ಳೆ ಬಿತ್ತು. ಖಳನಾಯಕ ಒದ್ದ. ಆ ಒದೆ ತಾಗಲಿಲ್ಲ. ಆದರೆ ಬೆನ್ನು ಒಂದು ಗಳಿಗೆ ತೂಗಾಡಿತು, ಸೆರಗು ಕಾಲಿಗೆ ಸಿಕ್ಕಿತು, ಅವಳು ಉರುಳುತ್ತಾ ಉರುಳುತ್ತಾ ಕೆಳಗಿನ ಮೆಟ್ಟಿಲಿಗೆ ಬಂದು ಬಿದ್ದಳು. ಇಡೀ ಟಾಕೀಸು ಒಂದೇ ಬಾಯಲ್ಲಿ "ಅಯ್ಯಮ್ಮಾ" ಎಂದಿತು. ಎಲ್ಲರ ಕೈಯೂ ಎಡಮೊಣಕಾಲಿನ ಮೇಲೆ. ನನ್ನ ಕಣ್ಣಿಗೆ ಕತ್ತಲೆ ಬಂದಂತಾಗಿ, ಬೆಂಚಿನ ಅಂಚು ಹಿಡಿದುಕೊಂಡೆ. ನಡುಗೋಡೆಯ ಆಚೆ ಏನೋ ದೊಡ್ಡದು ಧೊಪ್ಪನೆ ಬಿತ್ತು. ಚಿಕ್ಕಬೋರಣ್ಣನೇ.

ಪುಟ್ಟತಾಯಿ ಮಾತ್ರ ಮೊಣಕಾಲು ಹಿಡಿದುಕೊಳ್ಳಲಿಲ್ಲ. ತೆರೆಯನ್ನೇ ನೋಡುತ್ತಾ ಕೂತಿದ್ದಳು. ಅಲ್ಲಿ ಹೀರೋಯಿನ್ ಆಗಲೇ ಎದ್ದು, ಮುಖ ತೋರಿಸಿ, ಬೊಟ್ಟು ಸರಿಮಾಡಿಕೊಂಡು ಡೈಲಾಗ್ ಹೇಳುತ್ತಿದ್ದಳು.

"ಹಾಸಿಗೆ ಇರ್ಲಿಲ್ಲ ಕಣಕ್ಕ" ಎಂದಳು ಪುಟ್ಟತಾಯಿ. "ಬರೀ ಕಲ್ಲು."

ಸಿನಿಮಾ ಬಿಟ್ಟಾಗ ನಾನು ಅವಳಿಗೆ ತೋಳು ಕೊಟ್ಟು ಮನೆ ಮುಟ್ಟಿಸಿದೆ. ಇಬ್ಬರೂ ಕುಂಟುವವರೇ, ಯಾರು ಯಾರಿಗೆ ತೋಳು ಕೊಟ್ಟದ್ದೋ. ಅವಳು ಅರಳೆಯ ರಾಶಿಯ ಪಕ್ಕ ಕೂತು ಅತ್ತಳು. ನಾನು ಅರಿಶಿನ ಹಚ್ಚಲು ಹೋದರೆ ಕೈ ತಳ್ಳಿದಳು. "ನಂದಿರ್ಲಿ ಬಿಡಕ್ಕ. ಅವ್ಳಿಗೆ ಯಾರು ಹಚ್ತಾರೆ?" ಎಂದಳು. ನನಗೆ ಅವಳೆದುರು ಕೂರಲಾಗದೆ, ಪಟ್ಟು ತರುತ್ತೇನೆಂದು ನೆಪ ಹೇಳಿ ಬಸ್ ಸ್ಟ್ಯಾಂಡಿನ ಕಡೆ ಹೊರಟೆ.

ಅಲ್ಲಿ ಸಂಜೆಯ ಬಸ್ಸು ಬಂದು ನಿಂತಿತ್ತು. ಇಳಿದವಳು ದೇವೀರಿ. ಎಡಗಾಲು ಎಳೆದು ಹಾಕುತ್ತಿದ್ದಳು. ಕೈಯಲ್ಲಿ ಬಟ್ಟೆಯ ಚೀಲ. ಹಮಾಲಿ ಕುಂಟುತ್ತಾ ಬಂದು ಚೀಲಕ್ಕೆ ಕೈ ಚಾಚಿದ. ಬಾಳೆಹಣ್ಣಿನವಳು ಗಾಡಿ ಹಿಡಿದು ಕುಂಟುತ್ತಾ ದಾರಿ ಬಿಟ್ಟಳು. ಬಸ್ಸಿನ ಏಜೆಂಟು ಕುಂಟಿದ, ಅವನ ಹಿಂದೆ ಪೊಲೀಸಪ್ಪನೂ ಕುಂಟಿದ. ಆಚೆ ಕಡೆಯಿಂದ ಚಿಕ್ಕಬೋರಣ್ಣ ಒಬ್ಬನ ಹೆಗಲ ಮೇಲೆ ಭಾರ ಬಿಟ್ಟು ಬರುತ್ತಿದ್ದ, ಆ ಹೆಗಲಿನವನು ಎರಡೂ ಕಾಲಿನಲ್ಲಿ ಕುಂಟುತ್ತಿದ್ದ. ದೇವೀರಿಯ ಮುಖ ಕೆಂಪಾಯಿತು. "ನನ್ನ ಅಣಕಿಸ್ತಿದ್ದೀರಾ?" ಎಂದು ಕೂಗಿದಳು. ಎಲ್ಲರೂ ತಂತಮ್ಮ ಮೊಣಕಾಲು ಸವರಿಕೊಂಡು ನೆಲ ನೋಡಿದರು.

ಅವಳಿಗೆ ಆಗ ಹೊಳೆಯಿತು. ಅಲ್ಲೇ ಕಟ್ಟೆಯ ಮೇಲೆ ಕುಸಿದಳು. "ನೋಡ್ಬಿಟ್ರಾ? ಗೇಟಕ್ಕ, ಅವ್ವ? ಅವ್ವ ನೋಡಿದ್ಲಾ?"

"ನೋಡಿದ್ಲು ಮಗಾ."

"ಅವ್ವ ನೋಡದಂಗೆ ತಡೀಬೇಕು ಅಂತಲೇ ಬಂದೆ. ಬಸ್ಸು ದಾರೀಲಿ ಕೆಟ್ಟು ನಿಂತ್ಬಿಡ್ತು" ಎಂದು ಮುಖ ಮುಚ್ಚಿಕೊಂಡಳು.

ಮನೆಯಲ್ಲಿ ತಾಯಿ ಮಗಳು ಒಬ್ಬರ ಮೊಣಕಾಲನ್ನೊಬ್ಬರು ನೋಡಿದರು. ಎರಡೂ ಒಂದೇ ಜಾಗದಲ್ಲಿ ಊದಿದ್ದವು, ಮಗಳದು ಹೆಚ್ಚು, ಶೂಟಿಂಗ್ ಮುಗಿದು ಎಷ್ಟೋ ದಿನವಾದರೂ ಇಳಿದಿರಲಿಲ್ಲ. ಆಮೇಲೆ ದೇವೀರಿ ಎಲ್ಲವನ್ನೂ ಹೇಳಿದಳು. ಆ ಮೆಟ್ಟಿಲಲ್ಲಿ ಹಾಸಿಗೆ ಹಾಕಿದರೆ ಕ್ಯಾಮೆರಾಕ್ಕೆ ಕಾಣುತ್ತದೆಂದು ಹಾಕಿರಲಿಲ್ಲ. ನಾಲ್ಕನೇ ಮೆಟ್ಟಿಲಲ್ಲಿ ಫೈಟಿನವನೊಬ್ಬ ಅವಳನ್ನು ಹಿಡಿದುಕೊಳ್ಳಬೇಕಿತ್ತು, ಸೆರಗು ಸಿಕ್ಕಿದ್ದರಿಂದ ಅವನ ಕೈ ತಪ್ಪಿತು. ಬಿದ್ದದ್ದು ಚೆನ್ನಾಗಿ ಬಂದಿದೆಯೆಂದು ಅದನ್ನೇ ಇಟ್ಟುಕೊಂಡರು.

"ಅದೊಂದೇ ಕಣವ್ವ ತಾಗಿದ್ದು. ಇಷ್ಟು ಸಿನಿಮಾದಲ್ಲಿ ನಾನು ಒಂದೇಟೂ ತಾಗಿಸ್ಕೊಂಡಿಲ್ಲ, ತಾಗಿಸೂ ಇಲ್ಲ. ನೀನು ಮುಂದಿನ ಬೆಂಚಲ್ಲಿ ಕೂತಿರ್ತೀಯ ಅಂತ ಗೊತ್ತಲ್ಲ. ಕೈ ಎತ್ತಿದ್ರೆ ನಿನ್ನ ಮುಖಾನೇ ಕಾಣ್ತದೆ. ಕೈ ಅಲ್ಲೇ ನಿಂತೋಗ್ತದೆ. ಮಾಸ್ಟರು ದಿನಾ ಬೈತಾರೆ. ಈಗ ನಿಜವಾದ ಫೈಟೇ ಬೇಕಂತೆ, ಎದುರಿನೋರೂ ಒಪ್ಪಿ, ಅಳತೆ ನೋಡ್ಕೊಂಡು ಹೊಡೆಯೋದು. ನನ್ನ ಕೈಲಾಗಲ್ಲ ಅಂದೆ. ಹಂಗಿದ್ರೆ ಬಿಡು ಅಂದ್ರು. ಬಿಟ್ಟೇಬಿಡ್ತೀನಿ ಅವ್ವ. ಇಲ್ಲೇ ಇದ್ದು ಅರಳೆ ಹಿಂಜ್ತೀನಿ."

ನಾನು ಪುಟ್ಟತಾಯಿಯ ಮುಖ ನೋಡಿದೆ. ಮಗಳು ಮನೆಗೆ ಬರುತ್ತಾಳೆ, ಇನ್ನು ಬೀಳುವ ಭಯವಿಲ್ಲ, ಅವಳು ಸಂತೋಷದಿಂದ ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಸಿಟ್ಟಿನಿಂದ ಕೆಂಡವಾಗಿದ್ದಳು.

"ನಾನೇನು ಮೊಸರನ್ನವೇನೇ, ಮುಟ್ಟಿದ್ರೆ ಚೆಲ್ಲಿಹೋಗಕ್ಕೆ?" ಎಂದಳು. "ನನ್ನ ಹೆಸ್ರು ಹೇಳ್ಕೊಂಡು ಗಾಳಿಗೆ ಗುದ್ದಿ ಬರ್ತಿದ್ದ್ಯಾ? ಊರೋರೆಲ್ಲ ಸೊಳ್ಳೆ ಏಟು, ಸೊಳ್ಳೆ ಏಟು ಅಂತ ನಗ್ತಿದ್ರೆ ನಾನು ಹಲ್ಲು ಕಿರೀತಾ ನಿಂತಿದ್ನಲ್ಲೇ! ಹೆತ್ತೋಳು ಕಣೇ ನಾನು. ನಿನ್ನ ಹೆರೋವಾಗ ತಿಂದ ನೋವಿನ ಮುಂದೆ ನಿನ್ನ ಮೊಣಕಾಲು ಯಾವ ಲೆಕ್ಕ?"

"ಅವ್ವ, ನಿಂಗೆ ತಾಗ್ತದೆ..."

"ತಾಗ್ಲಿ. ನಿಂಗೆ ತಾಗಿದ್ದು ನಂಗೆ ತಾಗ್ದೆ ಇನ್ಯಾರಿಗೆ ತಾಗ್ಬೇಕು? ಹೊಡೆಯೋದಾದ್ರೆ ಸರಿಯಾಗಿ ಹೊಡಿ. ಬೀಳೋದಕ್ಕೆ ಮಾತ್ರ ನಾನು ಹೇಳ್ದಂಗೆ ಕೇಳ್ಬೇಕು" ಎಂದು, ಕುಂಟುತ್ತಲೇ ಎದ್ದು, ಅರಳೆಯ ಮೂಟೆ ಬಿಚ್ಚಿದಳು.

ಆಗ ಬಾಗಿಲಲ್ಲಿ ಚಿಕ್ಕಬೋರಣ್ಣ ಕಾಣಿಸಿಕೊಂಡ. ಕೈಯಲ್ಲಿ ಗರಡಿಯ ಎಣ್ಣೆಯ ಸೀಸೆ. "ಇದನ್ನ ಬಿಸಿ ಮಾಡಿ ಉಜ್ಜು ಮಗಾ, ಊತ ಇಳೀತದೆ" ಎಂದು ಸೀಸೆಯನ್ನು ಹೊಸಿಲಲ್ಲಿ ಇಟ್ಟ. ಒಂದಿಷ್ಟು ಹೊತ್ತು ಮೊಣಕಾಲು ನೀವಿಕೊಂಡ. "ಬಿದ್ದಿದ್ದೇನೋ ನಿಜ, ಒಪ್ಕೊಂಡೆ. ಬೀಳೋದ್ರಲ್ಲಿ ಗಂಡು ಹೆಣ್ಣು ಇಲ್ಲ. ಆದ್ರೆ ಹೊಡೆಯೋದು ಬೇರೆ. ಹೆಣ್ಣಿನ ಏಟು ತಾಗಲ್ಲ."

ದೇವೀರಿ ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದು ನೋಡಿದಳು. "ಮುಂದಿನ ಸಿನಿಮಾಕ್ಕೆ ತಪ್ಪದೆ ಬನ್ನಿ ಮಾವ" ಎಂದಳು.

ಊತ ಇಳಿಯುವಷ್ಟರಲ್ಲಿ ಹಾಸಿಗೆ ಸಿದ್ಧವಾಯಿತು. ಅಂಥ ಹಾಸಿಗೆ ನಮ್ಮೂರಲ್ಲಿ ಯಾವ ಮದುಮಕ್ಕಳಿಗೂ ಸಿಕ್ಕಿರಲಿಲ್ಲ. ಮೊಣಕೈವರೆಗೆ ಹೂತುಹೋಗುವಷ್ಟು ದಪ್ಪ. ಬಸ್ಸಿನ ಟಾಪಿಗೆ ಏರಿಸಲು ಹಮಾಲಿಗಳು ಸಾಲದೆ ಚಿಕ್ಕಬೋರಣ್ಣನೇ ಹೆಗಲು ಕೊಟ್ಟ. ಕಂಡಕ್ಟರು ಗೊಣಗಿದ, ಯಾರ ಮದುವೆ ಎಂದು ಕೇಳಿದ. "ಮದ್ವೆ ಅಲ್ಲಪ್ಪ, ಫೈಟು" ಎಂದಳು ಪುಟ್ಟತಾಯಿ.

ಮುಂದಿನ ಸಿನಿಮಾ ಬಂದ ದಿನ ಜನ ದವಡೆಗೆ ವಸ್ತ್ರ ಕಟ್ಟಿಕೊಂಡು, ಮೊಣಕಾಲಿಗೆ ಗೋಣಿ ಸುತ್ತಿಕೊಂಡು ಬಂದರು. ಕಟ್ಟಿಸಿದ ಹಲ್ಲಿನ ಸೆಟ್ಟು ಇದ್ದವರು ಅದನ್ನು ಬಿಚ್ಚಿ ಜೇಬಿನಲ್ಲಿಟ್ಟುಕೊಂಡರು. ಚಿಕ್ಕಬೋರಣ್ಣ ಏನೂ ಕಟ್ಟಿಕೊಳ್ಳದೆ ಮೊದಲ ಸಾಲಿನಲ್ಲಿ ಕೈಕಟ್ಟಿ ಕೂತ. ಪುಟ್ಟತಾಯಿ ನನ್ನ ಪಕ್ಕ.

ಈ ಸಲದ ಫೈಟು ಒಂದು ಅಕ್ಕಿ ಗಿರಣಿಯ ಅಟ್ಟದ ಮೇಲೆ. ಎಂಟು ಜನರಿಲ್ಲ, ಒಬ್ಬನೇ ಆಜಾನುಬಾಹು. ಹೀರೋಯಿನ್ ಕೂದಲನ್ನು ಎತ್ತಿ ಗಂಟು ಹಾಕಿ, ಬಳೆ ತೆಗೆದಿಟ್ಟು, ಚಪ್ಪಲಿ ಬಿಟ್ಟು ಬಂದಳು. ನಮ್ಮ ಹೆಂಗಸರೆಲ್ಲ "ಹಾಂ, ಈಗ ಸರಿ" ಎಂದರು. ಆಮೇಲೆ ಎಲ್ಲ ಬೆನ್ನೇ. ಆ ಬೆನ್ನಿಗೆ ದಣಿವಾಗುತ್ತಿತ್ತು, ಏದುಸಿರು ಬರುತ್ತಿತ್ತು. ಅವನು ಅವಳನ್ನು ಗೋಡೆಗೆ ಒತ್ತಿದ, ನಮ್ಮೆಲ್ಲರ ಭುಜ ಚುಳ್ ಎಂದಿತು. ಅವಳು ಅವನ ಭಾರವನ್ನೇ ಮುಂದಕ್ಕೆ ಬರಗೊಟ್ಟು, ಕೆಳಗೆ ಜಾರಿ, ತಿರುಗಿ, ಮೊಣಕೈಯನ್ನು ಅವನ ದವಡೆಗೆ ಕೊಟ್ಟಳು.

ಟಾಕೀಸಿನಲ್ಲಿ ಎಲ್ಲರ ಹಲ್ಲೂ ಒಟ್ಟಿಗೆ ಟಕ್ ಎಂದಿತು. ಒಂದು ಗಳಿಗೆ ಯಾರಿಗೂ ತಾವು ಎಲ್ಲಿದ್ದೇವೆಂದು ತಿಳಿಯಲಿಲ್ಲ. ನಾನು ದವಡೆ ಹಿಡಿದುಕೊಂಡು ನಡುಗೋಡೆಯ ಆಚೆ ಬಗ್ಗಿ ನೋಡಿದೆ. ಚಿಕ್ಕಬೋರಣ್ಣ ಕುರ್ಚಿಯಿಂದ ಜಾರಿ ನೆಲದಲ್ಲಿ ಕೂತಿದ್ದ. ಬಾಯಿ ತೆರೆಯಲಾಗುತ್ತಿರಲಿಲ್ಲ, ಕಣ್ಣಲ್ಲಿ ನೀರು. ನನ್ನನ್ನು ಕಂಡು ಬಲಗೈ ಎತ್ತಿ, ಗರಡಿಯಲ್ಲಿ ಸೋತವರು ಮಾಡುವ ಹಾಗೆ ನೆಲ ಮುಟ್ಟಿ ಹಣೆಗೆ ಒತ್ತಿಕೊಂಡ. ಪುಟ್ಟತಾಯಿ ಊದುತ್ತಿದ್ದ ಕೆನ್ನೆಯಲ್ಲೇ ನಗುತ್ತಿದ್ದಳು. ಅಷ್ಟು ಹೆಮ್ಮೆಯನ್ನು ನಾನು ಅವಳ ಮುಖದಲ್ಲಿ ಹಿಂದೆ ಕಂಡಿರಲಿಲ್ಲ.

ಅಷ್ಟರಲ್ಲಿ ಅಟ್ಟದ ಹಲಗೆ ಮುರಿಯಿತು. ಬೆನ್ನು ಹಿಂದಕ್ಕೆ ವಾಲಿ, ಅಷ್ಟು ಎತ್ತರದಿಂದ ಕೆಳಗೆ ಬೀಳತೊಡಗಿತು. ಎಲ್ಲರೂ ಕಣ್ಣು ಮುಚ್ಚಿ, ಬೆಂಚು ಹಿಡಿದು, ಸೊಂಟ ಬಿಗಿದುಕೊಂಡೆವು.

ಆಮೇಲೆ ನಮ್ಮ ಬೆನ್ನಿನ ಕೆಳಗೆ ಏನೋ ಮೆತ್ತಗೆ ತಗ್ಗಿತು. ತಗ್ಗುತ್ತಾ ತಗ್ಗುತ್ತಾ ನಮ್ಮನ್ನು ಒಳಗೆ ತೆಗೆದುಕೊಂಡು, ತಡೆದು, ನಿಧಾನವಾಗಿ ಮೇಲಕ್ಕೆ ಕೊಟ್ಟಿತು. ಬಿಸಿಲು ಕುಡಿದ ಅರಳೆಯ ಬಿಸುಪು ಬೆನ್ನಿಗೆಲ್ಲ ಹತ್ತಿತು. ಹಿಂದಿನ ಬೆಂಚಿನಲ್ಲಿ ಒಬ್ಬ ಮುದುಕಿ, ಅವ್ವಾ ಎಂದು ನಿಟ್ಟುಸಿರು ಬಿಟ್ಟಳು. ಮಗಳು ಸುಖವಾಗಿ ಬಿದ್ದಿದ್ದಳು, ಇಡೀ ಊರಿಗೆ ಅದು ಗೊತ್ತಾಯಿತು.

ದೀಪ ಹತ್ತಿದ ಮೇಲೂ ಯಾರೂ ಏಳಲಿಲ್ಲ. ಪುಟ್ಟತಾಯಿ ತಾನು ಕೂತ ಬರಿಯ ಮರದ ಬೆಂಚನ್ನು ಅಂಗೈಯಿಂದ ಅಲ್ಲಲ್ಲಿ ಒತ್ತಿ ನೋಡುತ್ತಿದ್ದಳು. ಕಣ್ಣು ಒರೆಸಿಕೊಂಡು, ಊದಿದ ದವಡೆಯಲ್ಲೇ, "ಎಡಗಡೆ ಮೂಲೇಲಿ ಅರಳೆ ಒಂಚೂರು ಗಂಟಾಗಿದೆ ಕಣಕ್ಕ" ಎಂದಳು. "ಅವ್ಳಿಗೆ ಹೇಳಿ ಕಳ್ಸು, ತಂದುಕೊಟ್ರೆ ಬಿಚ್ಚಿ ಸರಿ ಮಾಡಿಕೊಡ್ತೀನಿ."